ರೋಸ್ ಚಪ್ಪರದಲ್ಲಿ ಜಾಝ್

ಹಾಡುತ್ತಿದ್ದ ಅಜ್ಜಿಗೆ ಕೆಮ್ಮು ಬಂತು. ಮದುಮಗಳಿಗೆ ತೆಂಗಿನ ಹಾಲು ಹಚ್ಚುವವರ ಸಾಲು ಇನ್ನೂ ಅರ್ಧವೂ ಕರಗಿರಲಿಲ್ಲ. ಕಾರ್ಕಳದ ಹತ್ತಿರ ಕುಕ್ಕುಂದೂರಿನ ಕ್ರೈಸ್ತರ ಮನೆಯೊಂದರ ರೋಸ್ ಅದು, ಮದುವೆಯ ಮುನ್ನಾದಿನದ ಶಾಸ್ತ್ರ. ಹಾಲು ಹಚ್ಚಿ ಮುಗಿಯುವ ತನಕ ಹಾಡು ನಿಲ್ಲಬಾರದು ಎಂಬುದು ಆ ಮನೆಯವರ ಹಟ. ಅಜ್ಜಿ ಒಂದು ಸಾಲು ಎತ್ತಬೇಕು, ಹೆಂಗಸರೆಲ್ಲ ಅದನ್ನೇ ತಿರುಗಿ ಹಾಡಬೇಕು. ಬಾಡಿಗೆ ಬ್ಯಾಂಡಿನ ಗಿಟಾರ್‌ನವನಾದ ನಾನು ಬದಿಯಲ್ಲಿ ನಿಂತು ಮೆಲ್ಲಗೆ ಜೊತೆ ಕೊಡುತ್ತಿದ್ದೆ.

ಅಜ್ಜಿ ನನ್ನ ಕಡೆ ಕೈ ತೋರಿಸಿದರು. ನನಗೆ ಕೊಂಕಣಿ ಬಾರದೆಂದು ಕನ್ನಡದಲ್ಲೇ ಗದರಿದರು: "ಎಂತ ನೋಡ್ತಾ ನಿಂತದ್ದು ಮಗಾ? ನೀನು ಎತ್ತು, ನಾವು ಹಿಂದೆ ಬರ್ತೇವೆ."

ಮಣಿಪಾಲದಲ್ಲಿ ನನ್ನದೇ ಒಂದು ಜಾಝ್ ತಂಡ ಇತ್ತು. ಕೇಳುವವರಿಲ್ಲವೆಂದು ಅದನ್ನು ನಿಲ್ಲಿಸಿ, ಇನ್ನು ಬೇರೆಯವರ ಹಿಂದೆ ನುಡಿಸಿಕೊಂಡೇ ಇರುವುದೆಂದು ತೀರ್ಮಾನಿಸಿದ್ದೆ. ಆದರೆ ಚಪ್ಪರದಲ್ಲಿ ಯೋಚಿಸಲು ಪುರುಸೊತ್ತು ಎಲ್ಲಿತ್ತು? ಅಜ್ಜಿಯ ರಾಗವನ್ನೇ ಗಿಟಾರ್‌ನಲ್ಲಿ ಹಿಡಿದೆ. ಕೈ ಸುಮ್ಮನಿರಲಿಲ್ಲ, ಸಾಲಿನ ತುದಿಯಲ್ಲಿ ಜಾಝ್‌ನದೊಂದು ತಿರುವು ಕೊಟ್ಟುಬಿಟ್ಟೆ. ಹೆಂಗಸರು ನಗುತ್ತಾ ಆ ತಿರುವನ್ನೂ ಬಿಡದೆ ಹಾಡಿದರು. ಇನ್ನೊಂದು ಕೊಟ್ಟೆ, ಅದೂ ತಿರುಗಿ ಬಂತು. ಕೊನೆಯವರು ಹಾಲು ಹಚ್ಚುವ ತನಕ ಹಾಡು ನಿಲ್ಲಲಿಲ್ಲ.

ಮದುವೆ ಮುಗಿದದ್ದೇ ಉಡುಪಿಯಲ್ಲಿರುವ ನನ್ನ ಹಳೆಯ ಡ್ರಮ್ಮರ್‌ಗೆ ಫೋನ್ ಮಾಡಿ, ಶನಿವಾರ ಪ್ರಾಕ್ಟೀಸ್ ಉಂಟು ಎಂದೆ. "ಯಾರು ಕೇಳ್ತಾರೆ ಮಾರಾಯ?" ಎಂದ. ನಾನು ಎತ್ತುತ್ತೇನೆ, ಮೊದಲು ನೀನು ಬಾ ಎಂದೆ.