ಛತ್ರಿ ಒಳಗೆ ಬಾರದ ಮನೆ

ನೇಮಣ್ಣ ಕಾಕಾ ಅವರ ಮನೆಯಲ್ಲಿ ಕೋಣೆಗೊಂದು ಹಪ್ಪಳ ನೇತಾಡುತ್ತಿತ್ತು. ಪಡಸಾಲೆಯಲ್ಲೊಂದು, ಅಡಿಗೆಮನೆಯಲ್ಲೊಂದು, ದೇವರ ಕೋಣೆಯ ಬಾಗಿಲಿಗೊಂದು, ಮೇಲೆ ಬಾಡಿಗೆಗಿದ್ದ ನನ್ನ ಮಂಚದ ತಲೆದಿಂಬಿನ ನೇರಕ್ಕೊಂದು. ತಿನ್ನುವುದಕ್ಕಲ್ಲ ಮತ್ತೆ! ಕಾಕಾ ಬೆಳಿಗ್ಗೆ ಎದ್ದು ಉದ್ದಿನ ಹಪ್ಪಳಕ್ಕೆ ಸೂಜಿಯಿಂದ ತೂತು ಮಾಡಿ, ಕೆಂಡದ ಮೇಲೆ ಸುಟ್ಟು, ದಾರ ಪೋಣಿಸಿ ಮೊಳೆಗೆ ಸಿಕ್ಕಿಸುತ್ತಿದ್ದರು. ಆಮೇಲೆ ದಿನವಿಡೀ ನಾಡಿ ನೋಡುವ ವೈದ್ಯರ ಹಾಗೆ ಒಂದೊಂದನ್ನೂ ಉಗುರಿನಿಂದ ತಟ್ಟುತ್ತ ತಿರುಗುವುದು. ಟಕ್ ಎಂದರೆ ಮನೆಯ ಹವಾ ನೆಟ್ಟಗಿದೆ. ಸದ್ದಿಲ್ಲದೆ ಬಾಗಿದರೆ ಮನೆಯೊಳಗೆ ಹಸಿ ನುಗ್ಗಿದೆ. ನುಗ್ಗಿಸಿದವನು ಯಾರು? ಇನ್ಯಾರು, ನಾನೇ.

ನಾನು ವಿಜಾಪುರದ ಕಡೆಯವನು. ನಮ್ಮೂರಲ್ಲಿ ಮಳೆ ಬಂದರೆ ಜನ ಹೊರಗೆ ಬಂದು ನಿಂತು ನೋಡುತ್ತಾರೆ. ಎಂಬತ್ತರ ದಶಕದ ಕೊನೆಗೆ ನಿಪ್ಪಾಣಿಯ ಹೈಸ್ಕೂಲಿಗೆ ಮಾಸ್ತರನಾಗಿ ಬಂದಾಗ ಅಲ್ಲಿ ಜಿಟಿಜಿಟಿ ಹಿಡಿದು ಎಷ್ಟು ದಿನವಾಗಿತ್ತೋ ಏನೋ. ಟ್ರಂಕು, ಹಾಸಿಗೆ, ಛತ್ರಿ ಎಲ್ಲ ಹೊತ್ತುಕೊಂಡು ಕಾಕಾ ಅವರ ಹೊಸ್ತಿಲ ಮುಂದೆ ನಿಂತೆ. ಒಳಗಿನಿಂದ ಮೊದಲು ಬಂದ ಮಾತು ಇದು:

"ಛತ್ರಿ ಹೊರಗ!"

ನಮಸ್ಕಾರ ಇಲ್ಲ, ಬರ್ರಿ ಕೂಡ್ರಿ ಇಲ್ಲ. ಬಿಳಿ ಧೋತರ, ಬಿಳಿ ಟೊಪ್ಪಿಗೆಯ ಸಣಕಲು ಮನುಷ್ಯ ಟಾವೆಲ್ ಹಿಡಿದು ಬಂದರು. "ಮಾಸ್ತರ, ನಮ್ಮ ಮನ್ಯಾಗ ಮನಷ್ಯಾ ಬರಬಹುದು, ನೀರ ಬರಾಂಗಿಲ್ಲ. ತಲಿ ಒರಸಿಕೊಳ್ರಿ. ಕಿವಿ ಹಿಂದೂ ಒರಸ್ರಿ, ಅಲ್ಲೇ ಭಾಳ ನಿಂದರತೈತಿ."

ಕಿವಿಯ ಹಿಂದೆ! ನನ್ನ ತಾಯಿಯೂ ಅಲ್ಲಿಯವರೆಗೆ ಹೋದವಳಲ್ಲ. ಬೇರೆ ಮನೆ ನೋಡಿಕೊಳ್ಳೋಣವೆಂದು ಅಂದೇ ನಿಶ್ಚಯಿಸಿದೆ. ಆದರೆ ಅವರ ಹೆಂಡತಿ ಸುಮತಿ ಕಾಕು ಬಿಸಿ ಉಪ್ಪಿಟ್ಟು ತಂದಿಟ್ಟರು. ನನ್ನ ನಿಶ್ಚಯ ಅಲ್ಲಿಗೇ ಮುಗಿಯಿತು.

ಕಾಕಾ ಜೀವಮಾನವೆಲ್ಲ ತಂಬಾಕು ಕೂಡಿಡುವ ವಖಾರಿಯಲ್ಲಿ ದುಡಿದವರು. ಹಸಿ ತಾಗಿದ ಮಾಲು ಬೂಷ್ಟು ಹಿಡಿಯುವುದನ್ನು ಕಂಡು ಕಂಡು ಗಾಳಿಯನ್ನೇ ಸಂಶಯದಿಂದ ನೋಡುವ ಚಟ ಅವರಿಗೆ ಹತ್ತಿತ್ತು. ಆದರೆ ಅವರ ಹಪ್ಪಳದ ಮೂಲ ವಖಾರಿಯಲ್ಲ, ಕಾಕು.

ಬೂಷ್ಟಿಗೆ ಆ ಓಣಿಯಲ್ಲಿ ಬುರಸಿ ಎನ್ನುತ್ತಾರೆ. ಇವರದು ಕಟ್ಟುನಿಟ್ಟಿನ ಜೈನ ಮನೆ. ಬುರಸಿಯಲ್ಲಿ ಕಣ್ಣಿಗೆ ಕಾಣದ ಜೀವಗಳಿರುತ್ತವೆ, ಅದು ಒಮ್ಮೆ ಬಂದರೆ ಒರೆಸುವಂತಿಲ್ಲ, ಕೆರೆಯುವಂತಿಲ್ಲ, ತಾನಾಗಿ ಹೋಗುವವರೆಗೆ ಆ ಜಾಗ ಅದರದೇ. ಕಾಕು ಅವರ ಅಡಿಗೆಮನೆಯ ಹಿಂದಿನ ಗೋಡೆಗೆ ಪ್ರತಿ ಮಳೆಗಾಲ ತಪ್ಪದೆ ಬುರಸಿ ಬರುತ್ತಿತ್ತು. ಬಂದ ದಿನವೇ ಕಾಕು ಸ್ಟೋವು ಎತ್ತಿಕೊಂಡು ಪಡಸಾಲೆಗೆ ಬಂದುಬಿಡುತ್ತಿದ್ದರು. ಜೈನ ಮುನಿಗಳು ತಿರುಗಾಟ ನಿಲ್ಲಿಸಿ ಒಂದೇ ಊರಲ್ಲಿ ಉಳಿಯುವ ಚಾತುರ್ಮಾಸವೂ ಅದೇ ಕಾಲಕ್ಕೆ. ದಿನಕ್ಕೊಮ್ಮೆ ಯಾರದಾದರೂ ಮನೆಯಲ್ಲಿ ಅವರ ಆಹಾರವಾಗುತ್ತದೆ. ಬುರಸಿ ಇದ್ದ ಅಡಿಗೆಮನೆಯಲ್ಲಿ ಅದನ್ನು ಮಾಡಲು ಕಾಕು ಅವರ ಮನಸ್ಸು ಒಪ್ಪದು. ಮದುವೆಯಾಗಿ ಬಂದಾಗಿನಿಂದ ಅವರಿಗಿದ್ದದ್ದು ಒಂದೇ ಆಸೆ: ಸಾಯುವುದರೊಳಗೆ ಒಮ್ಮೆ ತನ್ನ ಕೈಯಿಂದ ಮುನಿ ಮಹಾರಾಜರಿಗೆ ಆಹಾರ ಕೊಡಬೇಕು.

"ಮಂದಿ ಹೆಂಗಸರು ಬಂಗಾರ ಕೇಳ್ತಾರ. ನಮ್ಮಾಕಿ ಒಣಾ ಗ್ವಾಡಿ ಕೇಳ್ಯಾಳ," ಎನ್ನುತ್ತಿದ್ದರು ಕಾಕಾ. "ಬಂಗಾರ ಆಗಿದ್ರ ಎಂದೋ ಕೊಡಸ್ತಿದ್ದೆ."

ನನ್ನ ನಾಲಿಗೆಗೆ ಸುಮ್ಮನಿದ್ದು ಗೊತ್ತಿಲ್ಲ. "ಕಾಕಾ, ಬುರಸಿ ಒಣಗಿಸೋದೂ ಅದನ್ನ ಕೊಂದಂಗ ಅಲ್ಲೇನ್ರಿ?" ಎಂದುಬಿಟ್ಟೆ. ಮುಖ ಸಣ್ಣದು ಮಾಡಿಕೊಂಡು ಒಳಗೆ ಹೋದವರು ವಾರವಾದರೂ ಮಾತಾಡಲಿಲ್ಲ. ಹಪ್ಪಳ ತಟ್ಟಲು ನನ್ನ ಕೋಣೆಗೆ ಬರುತ್ತಿದ್ದರು, ತಟ್ಟುತ್ತಿದ್ದರು, ಹೋಗುತ್ತಿದ್ದರು. ಒಂದು ಸಂಜೆ ಗೆದ್ದವರ ಹಾಗೆ ಮೆಟ್ಟಿಲು ಹತ್ತಿ ಬಂದರು.

"ಮಾಸ್ತರ, ಹುಟ್ಟಿದ್ದನ್ನ ಒಣಗಿಸಿದ್ರ ಪಾಪ. ಹುಟ್ಟಾಕ ಬಿಡಲಿಲ್ಲಂದ್ರ ಪಾಪ ಎಲ್ಲಿಂದ ಬಂತು? ಮುಂದಿನ ವರ್ಷ ಮಳಿಕ್ಕಿಂತ ಮೊದಲ ನಾ ಶುರು ಮಾಡಾಂವ."

ಮರುವರ್ಷ ಬೇಸಿಗೆಯಲ್ಲಿ, ಒಬ್ಬ ಮಹಾರಾಜರ ಚಾತುರ್ಮಾಸ ನಿಪ್ಪಾಣಿಯಲ್ಲೇ ಎಂದು ಸುದ್ದಿ ಬಂತು. ಕಾಕು ಹಿಂದಿನ ಗೋಡೆಯನ್ನು ಒಮ್ಮೆ ನೋಡಿದರು, ಕಾಕಾ ಅವರನ್ನು ಒಮ್ಮೆ ನೋಡಿದರು. ಅಷ್ಟು ಸಾಕಾಯಿತು. ಕಾಕಾ ಚಪ್ಪಲಿ ಮೆಟ್ಟಿಕೊಂಡು ನೆಟ್ಟಗೆ ಫ್ರಿಜ್ ರಿಪೇರಿಯ ದಸ್ತಗೀರನ ಅಂಗಡಿಗೆ ಹೋದರು. ಪರದೇಶದಲ್ಲಿ ಇಡೀ ಮನೆಯ ಗಾಳಿಯನ್ನು ಒಣಗಿಸುವ ಯಂತ್ರ ಇದೆಯಂತೆ ಎಂದು ಅವರು ಯಾವುದೋ ಮಾಸಿಕದಲ್ಲಿ ಓದಿದ್ದರು.

"ಅದರಾಗೇನೈತ್ರಿ ಕಾಕಾ," ಎಂದನಂತೆ ದಸ್ತಗೀರ. "ಫ್ರಿಜ್ಜಿನ ಕೆಳಗ ನೀರ ನಿಂದರತೈತೆಲ್ಲ, ಅದು ಹವಾದಾಗಿನ ನೀರ. ತಣ್ಣಗ ಹತ್ತಿತಂದ್ರ ಹವಾನೂ ಬೆವರತೈತಿ. ಮಾಡೇ ಬಿಡೂನು!"

ಮಾಡೇಬಿಟ್ಟರು. ಬಾಗಿಲು ಕಿತ್ತ ಹಳೆಯ ಫ್ರಿಜ್ಜು ಮೆಟ್ಟಿಲ ಕೆಳಗೆ ಕೂತಿತು. ಅದರ ಮುಂದೆ ಟೇಬಲ್ ಫ್ಯಾನು, ಕೆಳಗೆ ಬಕೀಟು. ಎಣ್ಣೆ ಡಬ್ಬಿ ಕತ್ತರಿಸಿ ಬೆಸೆದ ತಗಡಿನ ಕೊಳವೆಗಳು ಗೋಡೆ ಹಿಡಿದು ಎಲ್ಲ ಕೋಣೆಗಳಿಗೂ ಹರಿದವು, ನನ್ನ ಕೋಣೆಗೂ. ಕಿಟಕಿಗಳಿಗೆಲ್ಲ ಬೀಗ. ಗುಂಡಿ ಒತ್ತಿದಾಗ ಮನೆಯೆಲ್ಲ ಹಿಟ್ಟಿನ ಗಿರಣಿಯ ಸದ್ದು. ನಾನು ಬಿದ್ದು ಬಿದ್ದು ನಕ್ಕೆ. ಆದರೆ ಸಂಜೆಗೆ ಬಕೀಟಿನಲ್ಲಿ ನಿಜವಾಗಿಯೂ ನೀರಿತ್ತು! ಕಾಕಾ ಅದನ್ನು ಹೊತ್ತುಕೊಂಡು ಮನೆಮನೆಗೆ ಹೋದರು. "ನೋಡ್ರಿ, ಇಷ್ಟ ದಿನಾ ನಾವು ಇದನ್ನ ಉಸರಾಡಾಕತ್ತಿದ್ವಿ!"

ಜೂನು ಕಳೆಯಿತು, ಜುಲೈ ಕಳೆಯಿತು. ಹೊರಗೆ ಧೋ ಎಂದು ಮಳೆ, ಒಳಗೆ ನಮ್ಮ ವಿಜಾಪುರದ ಬೇಸಿಗೆ. ನನ್ನ ತುಟಿ ಒಡೆಯಿತು. ಬಾಗಿಲುಗಳು ಒಣಗಿ ಕುಗ್ಗಿ ಚಿಲಕ ಹತ್ತದಾದವು. ಎಲ್ಲಕ್ಕಿಂತ ದೊಡ್ಡ ಕಿರಿಕಿರಿ ಆ ಕೊಳವೆ. ಅಡಿಗೆಮನೆಯ ಪಿಸುಮಾತೆಲ್ಲ ನೇರ ನನ್ನ ಮಂಚಕ್ಕೆ ಬರುತ್ತಿತ್ತು.

"ಮಾಸ್ತರ ಇವತ್ತೂ ಜಳಕಾ ಮಾಡಿ ಒದ್ದಿ ತಲೀಲೇ ಮ್ಯಾಲ ಹೋಗ್ಯಾರ ನೋಡ್ರಿ," ಎಂದು ಕಾಕು ದೂರುವುದು ಕೇಳಿತು.

"ಒರಸಿಕೊಂಡೇನ್ರಿ ಕಾಕು!" ಎಂದು ಕೊಳವೆಯೊಳಗೆ ಬಾಯಿಟ್ಟು ಕೂಗಿದೆ. ಕೆಳಗೆ ಪಾತ್ರೆ ಬಿದ್ದ ಸದ್ದಾಯಿತು.

ಏನೇ ಹೇಳಲಿ, ಗೋಡೆ ಒಣಗಿಯೇ ಇತ್ತು. ಕಾಕು ಬೆಳಿಗ್ಗೆ ಎದ್ದು ಅದಕ್ಕೆ ಕೆನ್ನೆ ಹಚ್ಚಿ ನೋಡುತ್ತಿದ್ದರು.

ಆದರೆ ಗೋಡೆ ಒಣಗಿದರೆ ಮುಗಿಯಲಿಲ್ಲವಲ್ಲ. ಮಹಾರಾಜರು ಆಹಾರಕ್ಕೆ ಹೊರಡುವಾಗ ಮನಸ್ಸಿನಲ್ಲೇ ಒಂದು ಸಂಕಲ್ಪ ಮಾಡಿರುತ್ತಾರೆ. ಇಂಥದ್ದು ಕಣ್ಣಿಗೆ ಬಿದ್ದ ಮನೆಯ ಮುಂದೆ ಮಾತ್ರ ನಿಲ್ಲುವುದು. ಏನದು ಎಂದು ಯಾರಿಗೂ ಹೇಳುವುದಿಲ್ಲ. ಕಾಕು ಕಲಶ ಹಿಡಿದು, ಕಾಕಾ ತೆಂಗಿನಕಾಯಿ ಹಿಡಿದು ದಿನಾ ಬಾಗಿಲಲ್ಲಿ ನಿಲ್ಲುತ್ತಿದ್ದರು. ಮಹಾರಾಜರು ದಿನಾ ಮುಂದೆ ಹೋಗುತ್ತಿದ್ದರು. ಮಾಡಿಟ್ಟ ಅಡಿಗೆಯನ್ನು ಇಬ್ಬರೇ ಉಣ್ಣುತ್ತಿದ್ದರು. "ಗ್ವಾಡಿ ಒಣಗಿಸಬಹುದು ಮಾಸ್ತರ, ನಶೀಬಕ್ಕ ಎಲ್ಲಿ ಫ್ಯಾನ್ ಹಚ್ಚಲಿ?" ಎಂದು ಕಾಕಾ ಒಮ್ಮೆ ಅಂದಾಗ ನನಗೆ ನಗು ಬರಲಿಲ್ಲ.

ಚಾತುರ್ಮಾಸ ಮುಗಿಯುತ್ತ ಬಂದಿತ್ತು. ಅವತ್ತು ಬೆಳಗಿನಿಂದ ಒಂದೇ ಸಮ ಮಳೆ. ಮಳೆಯಲ್ಲಿ ಮಹಾರಾಜರು ಹೊರಗೆ ಕಾಲಿಡುವುದಿಲ್ಲ. ಆಹಾರ ನಡೆಯುವಾಗ ಫ್ಯಾನಿನಿಂದ ಸಣ್ಣ ಜೀವಗಳಿಗೆ ಹಿಂಸೆಯಾಗಬಾರದೆಂದು ಯಂತ್ರ ನಿಲ್ಲಿಸಿ ಕಾದಿದ್ದ ಕಾಕಾ, ಇನ್ನೆಲ್ಲಿ ಬರುತ್ತಾರೆ ಎಂದುಕೊಂಡು ಒಳಗೆ ಹೋಗಿ ಅಡಿಗೆಮನೆಯ ಹಪ್ಪಳ ಇಳಿಸಿ ನೋಡುತ್ತಿದ್ದರು. ಮಳೆ ಗಪ್ಪನೆ ನಿಂತಿತು. ಓಣಿಯ ತುದಿಯಲ್ಲಿ ಜಯಕಾರ ಕೇಳಿತು.

"ರೀ! ಬಂದ್ರು!" ಎಂದು ಕಾಕು ಕಿರುಚಿದರು.

ಕಾಕಾ ಓಡಿ ಬಂದರು. ತೆಂಗಿನಕಾಯಿ ದೇವರ ಕೋಣೆಯಲ್ಲೇ ಉಳಿಯಿತು. ಎರಡೂ ಕೈಯಲ್ಲಿ ಭಕ್ತಿಯಿಂದ ಹಿಡಿದು ನಿಂತದ್ದು ಹಪ್ಪಳ! ದಾರ ಗಾಳಿಗೆ ಅಲುಗಾಡುತ್ತಿತ್ತು. ಪಕ್ಕದ ಮನೆಯವರು ಮುಸಿಮುಸಿ ನಕ್ಕರು. ಕಾಕಾ ಅವರಿಗೆ ಅದು ಗೊತ್ತೇ ಇಲ್ಲ. "ಹೇ ಸ್ವಾಮಿ ನಮೋಸ್ತು, ತಿಷ್ಠ ತಿಷ್ಠ," ಎಂದು ಕೂಗುತ್ತಿದ್ದಾರೆ, ಕಣ್ಣು ಮುಚ್ಚಿದ್ದಾರೆ.

ಮಹಾರಾಜರು ನಿಂತರು.

ಕಾಕಾ, ಕಾಕು ಇಬ್ಬರೂ ಮಹಾರಾಜರಿಗೆ ಪ್ರದಕ್ಷಿಣೆ ಹಾಕಿದರು. ಹಪ್ಪಳವೂ ಜೊತೆಗೆ ಸುತ್ತಿತು. ಮಹಾರಾಜರು ಒಳಗೆ ನಡೆದದ್ದೇ ತಡ, ಬೆಳಗಿನಿಂದ ನೆನೆದ ಓಣಿಯ ಜನವೆಲ್ಲ ನೋಡಲು ಹಿಂದೆಯೇ ನುಗ್ಗಿತು. ಒದ್ದೆ ಸೀರೆ, ಒದ್ದೆ ಧೋತರ, ಸೋರುವ ಛತ್ರಿ! ಎರಡು ವರ್ಷದ ರೂಢಿ ನೋಡಿ, ನಾನು ಬಾಗಿಲಿಗೆ ಅಡ್ಡ ನಿಂತು "ಛತ್ರಿ ಹೊರಗ್ರಿ!" ಎಂದು ಕೂಗಿದೆ.

"ಏ ಮಾಸ್ತರ, ಸುಮ್ನಿರ್ರಿ!" ಎಂದು ಗದರಿಸಿದರು ಕಾಕಾ. "ಬರ್ರಿ, ಎಲ್ಲಾರೂ ಬರ್ರಿ, ಛತ್ರಿನೂ ಒಳಗ ತರ್ರಿ!" ಅವರ ಕಣ್ಣಿಂದ ನೀರು ದಳದಳ ಇಳಿಯುತ್ತಿತ್ತು. ಒಳಗೆ ಒಣಗಿದ ಗೋಡೆಯ ಪಕ್ಕ ನಿಂತು ಕಾಕು ಮಹಾರಾಜರ ಅಂಗೈಗೆ ತುತ್ತು ಇಡುತ್ತಿದ್ದರು. ಅವರ ಮುಖವನ್ನು ನಾನು ಇವತ್ತಿಗೂ ಮರೆತಿಲ್ಲ. ಪಡಸಾಲೆಯ ಹಪ್ಪಳ ಮೆತ್ತಗಾಗಿ ಜೋತುಬಿದ್ದಿತ್ತು. ಯಾರೂ ಅದನ್ನು ತಟ್ಟಲಿಲ್ಲ.

ಮಹಾರಾಜರ ಸಂಕಲ್ಪ ಏನಿತ್ತೋ ಅವರಿಗೇ ಗೊತ್ತು. ಮರುದಿನ ಮಾತ್ರ ನಮ್ಮ ಓಣಿಯ ಪ್ರತಿ ಬಾಗಿಲಲ್ಲೂ ಜನ ಹಪ್ಪಳ ಹಿಡಿದು ನಿಂತಿದ್ದರು. ಕಾಕಾ ಕಟ್ಟೆಯ ಮೇಲಿನಿಂದ ತಿದ್ದುತ್ತಿದ್ದರು: "ಸುಟ್ಟ ಹಿಡೀಬೇಕಪಾ, ಹಸೇ ಹಪ್ಪಳ ಹಿಡದ್ರ ಹೆಂಗ?" ಮಹಾರಾಜರು ಯಾರ ಮುಂದೂ ನಿಲ್ಲದೆ ಮುಂದಿನ ಓಣಿಗೆ ಹೋದರು.

ಆಮೇಲೆ ನನಗೆ ಅಥಣಿಗೆ ವರ್ಗವಾಯಿತು. ತೊಂಬತ್ತರ ದಶಕದ ಒಂದು ಮಳೆಗಾಲದಲ್ಲಿ ಕಾಕಾ ತೀರಿಕೊಂಡ ಸುದ್ದಿ ಬಂತು. ಬಸ್ಸು ಹಿಡಿದು ಹೋದೆ. ಅದೇ ಜಿಟಿಜಿಟಿ, ಅದೇ ಹೊಸ್ತಿಲು. ಕಿಟಕಿಗಳೆಲ್ಲ ತೆರೆದಿದ್ದವು. ಮೆಟ್ಟಿಲ ಕೆಳಗೆ ಯಂತ್ರ ಸುಮ್ಮನೆ ಕೂತಿತ್ತು. ಮೊಳೆಯಲ್ಲಿ ಹಪ್ಪಳವಿರಲಿಲ್ಲ, ದಾರವಿತ್ತು.

ಕಾಕು ಒಳಗಿನಿಂದ ನನ್ನನ್ನು ನೋಡಿದರು. "ಛತ್ರಿ ಒಳಗ ತರ್ರಿ ಮಾಸ್ತರ. ಇನ್ನ ಯಾರೂ ಬೈಯಾಂಗಿಲ್ಲ."

ನನ್ನ ಕೈಲಾಗಲಿಲ್ಲ. ಛತ್ರಿಯನ್ನು ಹೊರಗೆ ಗೋಡೆಗೆ ಆನಿಸಿದೆ. ಚೀಲದಿಂದ ಟಾವೆಲ್ ತೆಗೆದು ತಲೆ ಒರೆಸಿಕೊಂಡೆ. ಕಿವಿಯ ಹಿಂದೂ ಒರೆಸಿಕೊಂಡು ಒಳಗೆ ಹೋದೆ.