ಎರಡು ಬಾಯಿಗೆ ಎರಡು ತುತ್ತು

ನಲವತ್ತರ ದಶಕದ ಮಾತು. ವಿಜಾಪುರದ ಸಿದ್ಧೇಶ್ವರ ಗುಡಿಯ ಹತ್ತಿರವಿದ್ದ ನಿವೃತ್ತ ಮಾಮಲೇದಾರರೊಬ್ಬರಿಂದ ಹಳೆಯ ಜೋಡುನಳಿಗೆ ಬಂದೂಕು ಕೊಂಡೆ. ಬಬಲೇಶ್ವರದ ನಮ್ಮ ಶೇಂಗಾ ಹೊಲಕ್ಕೆ ಹಂದಿ ಕಾಟ ಎಂದು ಮನೆಯಲ್ಲಿ ಹೇಳಿದ್ದೆ. ನಿಜವೆಂದರೆ ಅದರ ಹಗುರಕ್ಕೇ ಮರುಳಾಗಿದ್ದೆ. ಊರಿನ ಉಳಿದ ಬಂದೂಕುಗಳು ಒನಕೆಗಳು. ಇದು ತಾನಾಗಿ ಹೆಗಲೇರುತ್ತಿತ್ತು.

ಟಿಕೋಟಾದ ನನ್ನ ಮಾವ ಒಮ್ಮೆ ಎತ್ತಿ ನೋಡಿ ಕೆಳಗಿಟ್ಟರು. "ಅಳ್ಯಾರ, ಇದು ಹಂದಿಗಿಂತ ಮೊದಲ ನಳಗಿ ಹಿಡಿಯೂ ನಿಮ್ಮ ಎಡಗೈ ತಗೋತೈತಿ ನೋಡ್ರಿ."

ನನಗೆ ಸಿಟ್ಟು ನೆತ್ತಿಗೇರಿತು. ವಿಜಾಪುರದ ಬಂದೂಕು ರಿಪೇರಿಯವನಿಗೆ ತೋರಿಸಿದೆ.

"ನಳಗಿ ತೆಳ್ಳಗ ಅದಾವ್ರಿ, ಕರಿಮದ್ದಿನ ತೋಟಾ ಬಿಟ್ಟು ಬ್ಯಾರೆ ಹಾಕಬ್ಯಾಡ್ರಿ. ಹೊಡಿಯೂ ಮೊದಲ ನಳಗಿ ಬಿಚ್ಚಿ, ಬೆರಳಿಗೆ ತೂಗಬಿಟ್ಟು ಕಟಗಿಲೆ ಬಡೀರಿ. ಗಂಟಿ ಹಂಗ ನುಡದ್ರ ಚಲೋ. ಒಡಕ ಗಡಿಗಿ ಹಂಗ ಅಂದ್ರ ನನ್ನ ಕಡೆ ತರ್ರಿ."

ಆ ವರ್ಷ ಮಹಾನವಮಿಗೆ ಕುಡಗೋಲು, ಕೊಡಲಿಗಳ ಜೊತೆ ಬಂದೂಕೂ ಜಗಲಿ ಏರಿತು. ಅವ್ವ ವಿಭೂತಿ ಹಚ್ಚಿ ಪೂಜಿಸಿದಳು. ಮರುದಿನ ಬನ್ನಿ ಮುಡಿಯುವಾಗ ಈಡು ಹಾರಿಸುವ ಮಾನ ನನ್ನದು. ಬನ್ನಿ ಗಿಡದ ಬಳಿ ಊರೇ ನೆರೆದಿತ್ತು. ಅವ್ವನೂ ಇದ್ದಳು, ಮಾವನೂ ಇದ್ದರು.

ನಳಿಗೆ ಬಿಚ್ಚಿ ಬಡಿದೆ. ಠಣ್ ಎನ್ನಬೇಕಾದದ್ದು ಠಪ್ ಎಂದಿತು. ರಿಪೇರಿಯವನ ಒಡಕು ಗಡಿಗೆ ನೆನಪಾಯಿತು. ಆದರೆ ಮಾವನ ಮೀಸೆಯ ಕೆಳಗಿನ ನಗು ನೋಡಿ ಹಟ ಹುಟ್ಟಿತು. ಒಂದು ಈಡಿಗೆ ಏನಾದೀತು ಎಂದು ನಳಿಗೆ ಮತ್ತೆ ಜೋಡಿಸಿ ತೋಟಾ ತೆಗೆದೆ.

ಅಷ್ಟರಲ್ಲಿ ನಳಿಗೆಯ ಬಾಯಿಂದ ಇರುವೆಗಳ ಸಾಲು ಹೊರಟು ನನ್ನ ಎಡಗೈ ಹತ್ತಿತು. ಹಿಂದಿನಿಂದ ಕಣ್ಣಿಟ್ಟು ನೋಡಿದರೆ ಎರಡೂ ನಳಿಗೆ ಕತ್ತಲು. ಕಡ್ಡಿ ತೂರಿಸಿದೆ. ತುದಿಗೆ ಹೋಳಿಗೆಯ ಹೂರಣ ಅಂಟಿಕೊಂಡು ಬಂತು.

ಅವ್ವ ಮುಂದೆ ಬಂದಳು. "ನಾನ ಉಣಿಸೇನಿ. ದೇವರಂತ ಪೂಜಿ ಮಾಡಿ ಉಪಾಸ ಇಡಾಕ ಬರ್ತೈತೇನೋ? ಎರಡು ಬಾಯಿ, ಎರಡು ತುತ್ತು. ಕೆಳಗ ಇಳೀಲಿಲ್ಲ, ಸೌಟಿನ ಹಿಡಕಿಲೆ ನೂಕೇನಿ."

ಊರಿಗೆ ಊರೇ ಹೊಟ್ಟೆ ಹಿಡಿದುಕೊಂಡು ನಕ್ಕಿತು. ಮಾವ ಮಾತ್ರ ನಗಲಿಲ್ಲ.

"ಅಕ್ಕಾರ, ಬಾಯಿ ಕಟ್ಟಿದ ನಳಗಿ ಹೊಡದ್ರ ಸೀಳತೈತ್ರಿ. ಹಳೇದಿರಲಿ, ಹೊಸಾದಿರಲಿ. ನಿಮ್ಮ ಮಗನ ಕೈ ಉಳೀತಿದ್ದಿಲ್ಲ."

ಅವ್ವ ನನ್ನ ಎಡಗೈಯನ್ನೊಮ್ಮೆ ನೋಡಿ ಮನೆಯ ದಾರಿ ಹಿಡಿದಳು. ನಳಿಗೆ ತೊಳೆದು ಬಡಿದಾಗ ಠಣ್ ಎಂದಿತು. ಅದನ್ನು ಕೇಳಲು ಅವಳು ಅಲ್ಲಿರಲಿಲ್ಲ. ಮನೆಯಲ್ಲಿ ಊಟಕ್ಕೆ ಕುಳಿತಾಗ ನನ್ನ ಎಡಗೈ ಹಿಡಿದುಕೊಂಡವಳು ಬಿಡಲೇ ಇಲ್ಲ. ಉಳಿದ ಒಂದೇ ಕೈಯಿಂದ ಹೋಳಿಗೆ ಬಡಿಸಿದಳು.