ಗಾಂಜಾ ಅಭ್ಯರ್ಥಿಗೆ ನನ್ನ ವೋಟು

ವೋಟು ಹಾಕುವ ಮೊದಲು ನಾನು ಪುಸ್ತಕ ತೆರೆದು ಓದಿದ್ದು ಜೀವನದಲ್ಲಿ ಒಂದೇ ಸಲ, ಅದೂ ಗಾಂಜಾದ ಬಗ್ಗೆ. ಧಾರವಾಡದಲ್ಲಿದ್ದಾಗ ಯಾರಿಗೆ ಹಾಕಬೇಕೆಂಬುದನ್ನು ನಮ್ಮ ಓಣಿಯೇ ತೀರ್ಮಾನಿಸಿಬಿಡುತ್ತಿತ್ತು. ನನ್ನ ಪಾಲಿಗೆ ಉಳಿಯುತ್ತಿದ್ದುದು ಮಸಿ ಹಚ್ಚಿಸಿಕೊಳ್ಳಲು ಬೆರಳು ಚಾಚುವುದಷ್ಟೇ.

ಎರಡು ಸಾವಿರದ ಐದರಲ್ಲಿ ಇಂಗ್ಲೆಂಡಿನ ಕ್ರೋಯ್ಡನ್ನಿನ ನಮ್ಮ ಫ್ಲಾಟಿಗೆ ನನ್ನ ಹೆಸರಿನ ವೋಟಿನ ಕಾರ್ಡು ಬಂತು. ಇಲ್ಲಿನ ನಗರಸಭೆಯಾದ ಕೌನ್ಸಿಲ್ಲಿನಿಂದ ಬಂದ ಯಾವ ಫಾರಮ್ಮನ್ನೂ ತುಂಬದೆ ಬಿಡುವ ಧೈರ್ಯ ನನಗಿಲ್ಲ. ಹಿಂದೆಂದೋ ಏನೋ ತುಂಬಿ ಕಳಿಸಿದ್ದೆ, ಅದರ ಫಲ ಇದು. ಆದರೂ ತಪ್ಪಿ ಬಂದಿರಬೇಕೆಂದು ಫೋನ್ ಮಾಡಿ ಕೇಳಿದೆ. ಕಾಮನ್‌ವೆಲ್ತ್ ದೇಶದವರು ಇಲ್ಲಿ ವಾಸವಿದ್ದರೆ ಪಾರ್ಲಿಮೆಂಟಿಗೂ ವೋಟು ಹಾಕಬಹುದಂತೆ. ನಮ್ಮನ್ನು ಆಳಿ ಹೋದವರನ್ನು ಯಾರು ಆಳಬೇಕೆಂದು ನಾನು ಹೇಳಬಹುದು! ನಿಜ ಹೇಳುತ್ತೇನೆ, ಆ ದಿನವೆಲ್ಲ ನೆಟ್ಟಗೆ ನಡೆದಾಡಿದೆ.

ಅದೇ ವಾರ ಬಾಗಿಲ ಸಂದಿಯಿಂದ ಬಿದ್ದ ಕರಪತ್ರಗಳಲ್ಲಿ ಗಡ್ಡದವನೊಬ್ಬನದಿತ್ತು. ಯಾವ ಪಕ್ಷಕ್ಕೂ ಸೇರದ ಅಭ್ಯರ್ಥಿ, ಕೊಟ್ಟ ಭರವಸೆಯೂ ಒಂದೇ: ಗಾಂಜಾವನ್ನು ಕಾನೂನುಬದ್ಧ ಮಾಡುತ್ತೇನೆ. ಆಸ್ಪತ್ರೆಯಲ್ಲಿ ನರ್ಸಾಗಿರುವ ನನ್ನ ಹೆಂಡತಿ ಸುಮಂಗಲಾ ಅದನ್ನು ಎರಡೇ ಬೆರಳಲ್ಲಿ ಎತ್ತಿ ಕಸದ ಬುಟ್ಟಿಗೆ ಹಾಕಿದಳು. ಅವಳು ಡ್ಯೂಟಿಗೆ ಹೋದ ಮೇಲೆ ನಾನು ಅದನ್ನು ಹೊರತೆಗೆದೆ. ಕೆಳಗಿನ ಫ್ಲಾಟಿನ ಜೋನ್ ಇರದಿದ್ದರೆ ಖಂಡಿತ ತೆಗೆಯುತ್ತಿರಲಿಲ್ಲ.

ಜೋನ್ ಒಬ್ಬಳೇ ಇದ್ದ ಮುದುಕಿ. ಸುಮಂಗಲಾ ಬಾಯಲ್ಲಿ ಜೋನವ್ವ. ನರಗಳ ಕಾಯಿಲೆಯಿಂದ ಗಾಲಿಕುರ್ಚಿಗೆ ಬಿದ್ದವಳು. ಕಾಲಿನ ಸ್ನಾಯು ಬಿಗಿದುಕೊಂಡರೆ ಅವಳ ನರಳಾಟ ಮೇಲಿನ ನಮ್ಮ ಮನೆಗೂ ಕೇಳುತ್ತಿತ್ತು, ಕೇಳಿದವರಿಗೆ ಅನ್ನ ಇಳಿಯುತ್ತಿರಲಿಲ್ಲ. ಅವಳ ಅಡುಗೆಮನೆಯಲ್ಲಿ ಎರಡು ಬಿಸ್ಕತ್ತಿನ ಡಬ್ಬಿ. ನಮಗೆ ಯಾವಾಗಲೂ ನೀಲಿ ಡಬ್ಬಿಯದೇ ಕೊಡುತ್ತಿದ್ದಳು. ಕೆಂಪು ಡಬ್ಬಿಗೆ ಕೈ ಹಾಕಿದ ದಿನ ನನ್ನ ಕೈಗೆ ಚಟ್ಟನೆ ಹೊಡೆದು, ಅದರಲ್ಲಿ ಗಾಂಜಾ ಇದೆಯೆಂದೂ ಅದೊಂದೇ ತನ್ನ ಕಾಲನ್ನು ಸಡಿಲಿಸುವುದೆಂದೂ ಹೇಳಿದಳು. ಬೆಲ್ ಆದಾಗಲೆಲ್ಲ ಪೊಲೀಸರೇ ಬಂದರೆಂದು ಎದೆ ಹಾರುತ್ತದಂತೆ. ಎಪ್ಪತ್ತರ ಹೆಂಗಸು, ಬಿಸ್ಕತ್ತು ತಿಂದು ಹೆದರಬೇಕು.

ಕಾಲೇಜಿನಲ್ಲಿ ಸಸ್ಯಶಾಸ್ತ್ರ ಕಲಿಸಿ ಬಂದವನು ನಾನು. ಗಂಡು ಹೂವು, ಹೆಣ್ಣು ಹೂವು ಬೇರೆ ಬೇರೆ ಗಿಡದಲ್ಲಿ ಬಿಡುವುದಕ್ಕೆ ಉದಾಹರಣೆಯಾಗಿ ವರ್ಷವರ್ಷವೂ ಬೋರ್ಡಿನ ಮೇಲೆ ಗಾಂಜಾ ಗಿಡ ಬರೆದಿದ್ದೆನೇ ಹೊರತು ಅದರ ಒಂದು ಎಲೆಯನ್ನೂ ಮುಟ್ಟಿದವನಲ್ಲ. ಪ್ರತಿ ಶನಿವಾರ ಲೈಬ್ರರಿಗೆ ಹೋಗಿ ಕೂತೆ. ಬಿಯರಿಗೆ ಕಹಿ ಕೊಡುವ ಹಾಪ್ ಬಳ್ಳಿ ಗಾಂಜಾದ ಸ್ವಂತ ದಾಯಾದಿ ಎಂಬುದನ್ನು ನಾನೇ ಮರೆತಿದ್ದೆ. ಒಬ್ಬನಿಗೆ ಬೀದಿಗೊಂದು ಪಬ್ಬು, ಇನ್ನೊಬ್ಬನಿಗೆ ಜೈಲು! ನೂರು ವರ್ಷದ ಹಿಂದೆ ಇದೇ ಇಂಗ್ಲಿಷರು ನಮ್ಮ ದೇಶದಲ್ಲಿ ಗಾಂಜಾದ ವಿಚಾರಣೆ ನಡೆಸಿ, ಸಂಪುಟಗಟ್ಟಲೆ ಬರೆದು, ಮಿತವಾಗಿದ್ದರೆ ಅಂಥ ಕೇಡೇನಿಲ್ಲ ಎಂದಿದ್ದರಂತೆ. ಕೋಟು ತೊಟ್ಟ ಸಾಹೇಬರು ಚಿಲುಮೆಯ ಸಾಧುಗಳ ಮುಂದೆ ಪೆನ್ನು ಹಿಡಿದು ಕೂತದ್ದನ್ನು ನೆನೆದು ಬೆರಗಾದೆ. ನಮ್ಮೂರಲ್ಲೂ ಅಂಥ ಸಾಧುವೊಬ್ಬ ಇದ್ದ. ಅವನ ಕಾಲಿಗೆ ಬೀಳುತ್ತಿದ್ದ ನಮ್ಮಪ್ಪ ನಾನು ಬೀಡಿ ಸೇದಿದ್ದಕ್ಕೆ ಬೆನ್ನು ಮುರಿದಿದ್ದರು. ಇಷ್ಟೇ ಆಗಿದ್ದರೆ ಸುಲಭವಿತ್ತು. ಎಳೆಯ ಪ್ರಾಯದಲ್ಲಿ ಇದಕ್ಕೆ ಬಿದ್ದು ಬುದ್ಧಿ ಕದಡಿದವರ ಕಥೆಗಳನ್ನೂ ಓದಿದೆ, ಓದಿ ಹೆದರಿದೆ. ಬೇಕು, ಬೇಡ ಎಂದು ನೋಟ್‌ಬುಕ್ಕಿನ ಎರಡೂ ಕಡೆ ಬರೆದು ಬರೆದು ಪುಟ ತುಂಬಿತು, ತಲೆ ಮಾತ್ರ ಖಾಲಿಯಾಯಿತು.

ಸುಮಂಗಲಾಗೆ ಇನ್ನೊಂದೇ ಚಿಂತೆ. ಇಲ್ಲಿ ಖಾಯಂ ಇರಲು ನಾವು ಕೊಟ್ಟ ಅರ್ಜಿ ಹೋಮ್ ಆಫೀಸಿನಲ್ಲಿತ್ತು, ಪಾಸ್‌ಪೋರ್ಟುಗಳೂ ಅಲ್ಲೇ. ಇಲ್ಲಿ ವೋಟಿನ ಕಾಗದದ ಬೆನ್ನಿಗೆ ನಂಬರ್ ಇರುತ್ತದೆಂದು ಅವಳಿಗೆ ಯಾರೋ ಹೇಳಿದ್ದರು.

"ನಂಬರ್ ನೋಡಿದ್ರ ಯಾರು ಹಾಕ್ಯಾರ ಅಂತ ತಿಳೀತದ. ಗಾಂಜಾದಾಂವ ಅಂತ ನಿಮ್ಮ ಹೆಸರಿನ ಮುಂದ ಬರಕೊಂಡ್ರ ಏನ್ ಮಾಡೋದ್ರಿ?"

ಹಾಗೆಲ್ಲ ನೋಡುವುದಿಲ್ಲ ಎಂದು ನಕ್ಕೆ.

ಜೋನ್‌ಗೆ ಕಣ್ಣೂ ಮಂಜು, ಆದ್ದರಿಂದ ಎಲ್ಲ ಕರಪತ್ರಗಳನ್ನೂ ನಾನೇ ಓದಿ ಹೇಳಿದ್ದೆ. ಚುನಾವಣೆಯ ದಿನ ಅವಳ ಗಾಲಿಕುರ್ಚಿ ತಳ್ಳಿಕೊಂಡು ಹತ್ತಿರದ ಪ್ರೈಮರಿ ಶಾಲೆಗೆ ಹೋದೆ. ಗುರುತಿನ ಚೀಟಿ ಕೇಳಲಿಲ್ಲ, ಬೆರಳಿಗೆ ಮಸಿ ಇಲ್ಲ, ಪೊಲೀಸನ ಲಾಠಿ ಇಲ್ಲ. ಹೆಸರು, ವಿಳಾಸ ಹೇಳಿದೆ. ಸ್ಕೇಲು ಇಟ್ಟು ಪಟ್ಟಿಯಲ್ಲಿ ಗೀಟು ಎಳೆದು ಕಾಗದ ಕೊಟ್ಟರು. ಕಣ್ಣು ಮಂಜಾದ ಜೋನ್‌ಗೆ ಅಲ್ಲಿನ ಅಧಿಕಾರಿಯೇ ಹೆಸರುಗಳನ್ನು ಓದಿ ನೆರವಾದರು. ನನ್ನಂಥ ಪರದೇಶಿಯ ಬಾಯಿಮಾತನ್ನು ಒಂದು ಸರಕಾರ ನಂಬಿತಲ್ಲ! ಒಳಗೆ ದಾರ ಕಟ್ಟಿದ ಪೆನ್ಸಿಲ್. ಕಾಗದ ತಿರುಗಿಸಿದರೆ ನಂಬರ್ ಇದ್ದೇ ಇತ್ತು. ಓದಿದ್ದು ಒಂದೂ ನೆನಪಾಗಲಿಲ್ಲ, ನೆನಪಾದದ್ದು ಕೆಳಗಿನ ಮನೆಯ ನರಳಾಟ. ಗಡ್ಡದವನ ಮುಂದೆ ಗುಣಾಕಾರದ ಗುರುತು ಹಾಕಿ ಬೆವರುತ್ತ ಹೊರಬಂದೆ.

ವಾಪಸು ಬರುವಾಗ ನನ್ನ ತ್ಯಾಗವನ್ನು ಹೇಳಿಕೊಳ್ಳದೆ ಇರಲಾಗಲಿಲ್ಲ. ನಿನ್ನ ಕಾಲಿಗೇ ವೋಟು ಹಾಕಿದೆ ಎಂದೆ. ಜೋನ್ ಕುರ್ಚಿ ನಿಲ್ಲಿಸಲು ಹೇಳಿದಳು. ತಾನು ಗಡ್ಡದವನಿಗೆ ಹಾಕಲಿಲ್ಲವಂತೆ. ಹೊರಗಿನಿಂದ ಬಂದವರನ್ನು ಇಲ್ಲೇ ನೆಮ್ಮದಿಯಾಗಿ ಇರಗೊಡಿ ಎಂದು ಬರೆದಿದ್ದ ಇನ್ನೊಬ್ಬನಿಗೆ ಹಾಕಿದಳಂತೆ.

"ನನ್ನ ಕಾಲು ಹೇಗೋ ನಡೆಯುತ್ತದೆ," ಎಂದಳು ನಡೆಯಲಾಗದ ಆ ಹೆಂಗಸು. "ನಿಮ್ಮಿಬ್ಬರನ್ನು ವಾಪಸು ಕಳಿಸಿಬಿಟ್ಟರೆ ನಾನೇನು ಮಾಡಲಿ? ಅದಕ್ಕೇ ನಿಮಗೆ ಹಾಕಿದೆ."

ಅಷ್ಟು ದಿನ ಲೈಬ್ರರಿಯಲ್ಲಿ ಕೂತು ನಾನು ಒಂದು ಗಿಡವನ್ನು ಓದಿದ್ದೆ. ಮನೆಯಲ್ಲೇ ಕೂತು ಅವಳು ನಮ್ಮನ್ನು ಓದಿದ್ದಳು.

ನಾವು ಆರಿಸಿದ ಇಬ್ಬರೂ ಹೀನಾಯವಾಗಿ ಸೋತರು. ನಾನಂತೂ ಯಾವ ಚುನಾವಣೆಗೂ ನಿಂತವನಲ್ಲ, ನಿಲ್ಲುವ ಮುಖವೂ ನನ್ನದಲ್ಲ. ಆದರೂ ಇಂಗ್ಲೆಂಡಿನ ಒಂದು ಮತಪೆಟ್ಟಿಗೆಯಲ್ಲಿ ನನಗೂ ಒಂದು ವೋಟು ಬಿದ್ದಿದೆ.